ಹನ್ನೊಂದನೆಯ ಹನಿ

ಹತ್ತನೆಯ ಹನಿ ತಟ್ಟೆಗೆ ಬಿದ್ದಿತು. ಯಹೂದಿಗಳಾದ ನಾವು ಪೆಸಾಖ್ ಹಬ್ಬದ ಊಟಕ್ಕೆ ಮುಂಚೆ, ನಮ್ಮ ಪೂರ್ವಿಕರನ್ನು ಗುಲಾಮರಾಗಿಟ್ಟಿದ್ದ ಈಜಿಪ್ಟಿನವರಿಗೆ ಬಡಿದ ಹತ್ತು ಪಿಡುಗುಗಳನ್ನು ಹೆಸರಿಸುತ್ತ, ಬೆರಳದ್ದಿ ಒಂದೊಂದು ಹನಿ ದ್ರಾಕ್ಷಾರಸ ಚೆಲ್ಲುತ್ತೇವೆ. ಸತ್ತವನು ಶತ್ರುವಾದರೂ ನಮ್ಮ ಬಟ್ಟಲು ತುಂಬಿರಬಾರದು.

"ಅತ್ತೆ, ಹೊಲಿಗೆ ಕಾರ್ಖಾನೇಲಿ ನಿಮ್ಮನ್ನ ಕೂಡಿಹಾಕಿ ದುಡಿಸ್ತಿದ್ದ ಆ ಮೇಸ್ತ್ರಿ ಮೊನ್ನೆ ಸತ್ತನಂತೆ. ಪೀಡೆ ತೊಲಗ್ತು! ತಾಳಿ, ಬಟ್ಟಲು ತುಂಬಿಸ್ತೀನಿ," ಎಂದು ಸೊಸೆ ಶೈನಾ ಶೀಶೆ ಎತ್ತಿದಳು.

ಎಂಬತ್ತು ದಾಟಿದ ಫ್ರುಮೆಟ್ ಬಟ್ಟಲಿಗೆ ಅಂಗೈ ಅಡ್ಡ ಹಿಡಿದಳು. ಆಮೇಲೆ, ಅದೇ ಕಾರ್ಖಾನೆಯ ಸೂಜಿ ಹೊಕ್ಕು ಸೊಟ್ಟಗಾಗಿದ್ದ ಬೆರಳನ್ನು ಅದ್ದಿ ಇನ್ನೊಂದು ಹನಿ ಚೆಲ್ಲಿದಳು.

"ಹತ್ತಾಯ್ತಲ್ಲ ಅತ್ತೆ, ಇದ್ಯಾರಿಗೆ?"

"ಅವನಿಗೆ ಕಣೇ. ಅವನ ಮನೇಲೂ ಯಾರೋ ಅಳ್ತಿರ್ತಾರೆ."

ಶೈನಾ ಶೀಶೆ ಕೆಳಗಿಟ್ಟು, ತನ್ನ ಬಟ್ಟಲಿಗೂ ಬೆರಳದ್ದಿದಳು.