ಊದದ ಕೊಳಲು

ಬೇಸಿಗೆಯ ಕೊನೆಯ ವಾರ. ಸೆಕೆಗೆ ಮಕ್ಕಳ ಅಂಗಿ ಬೆನ್ನಿಗಂಟಿದ್ದರೂ ಮೇಷ್ಟ್ರು ಫ್ಯಾನು ಹಾಕಲು ಬಿಟ್ಟಿರಲಿಲ್ಲ. ಅದರ ಗೊರಗೊರದಲ್ಲಿ ಸಂಗೀತ ಕೆಡುತ್ತದೆ ಎನ್ನುತ್ತಿದ್ದರು. ಯುವ ವಾದ್ಯವೃಂದ ಬೆಳಗಿನಿಂದ ಸಿಂಫನಿಯನ್ನು ಹೊಲ ಉತ್ತ ಹಾಗೆ ಸಾಲು ಸಾಲಾಗಿ ಉತ್ತು ಮುಗಿಸಿತ್ತು. ನಾಳೆ ಸಂಜೆ ಕಛೇರಿ. ಉಳಿದದ್ದು ಒಂದು ಹಾಡು.

ಆ ಹಾಡೇ ಈಗ ಮೇಷ್ಟ್ರ ರಕ್ತ ಕುದಿಸುತ್ತಿತ್ತು.

ಹಾಡಿನ ನಡುವೆ ಎಲ್ಲ ವಾದ್ಯಗಳೂ ನಿಲ್ಲಬೇಕು. ಕೊಳಲು ಒಂಟಿಯಾಗಿ ಒಂದು ಸಾಲು ಊದಬೇಕು. ಅದರ ಬಾಲ ಹಿಡಿದು ಗಾಯಕಿ ಎತ್ತಿಕೊಳ್ಳಬೇಕು. ಎಲ್ಲವೂ ನಿಂತವು. ದರ್ಜಿಯ ಮಗಳು ಕೊಳಲನ್ನು ತುಟಿಗಿಟ್ಟು ಬೆರಳಾಡಿಸಿದಳು. ಸದ್ದೇ ಇಲ್ಲ. ಗಾಯಕಿಯೇನೋ ಸರಿಯಾದ ಗಳಿಗೆಗೆ ಎತ್ತಿಕೊಂಡಳು. ಪಳಗಿದವಳು, ಹೇಗೋ ಸಂಭಾಳಿಸಿದಳು.

ಮೇಷ್ಟ್ರು ತಾಳ ತೋರಿಸುವ ಕೋಲನ್ನು ಸ್ವರದ ಹಾಳೆಯ ಸ್ಟ್ಯಾಂಡಿಗೆ ಕುಟ್ಟಿದರು. "ಊದು ಅಂದ್ರೆ ಬೆರಳು ಕುಣಿಸ್ತೀಯಾ?"

ಹುಡುಗಿ ಏನೋ ಗೊಣಗಿದಳು. ಈಗಿನ ಮಕ್ಕಳಿಗೆ ಬಾಯಿಬಿಟ್ಟು ಮಾತಾಡುವುದೂ ಬರುವುದಿಲ್ಲ.

"ಏನಂದೆ?"

"ಊದಿದೆ, ಮೇಷ್ಟ್ರೇ."

ಈ ಕಳ್ಳತನ ಅವರಿಗೆ ಹೊಸದಲ್ಲ. ಕಷ್ಟದ ಜಾಗ ಬಂದರೆ ಉಸಿರು ಬಿಡದೆ ಬೆರಳಷ್ಟೇ ಆಡಿಸಿ ಗುಂಪಿನಲ್ಲಿ ಗೋವಿಂದ ಎನ್ನುವ ಎಷ್ಟು ಜನರನ್ನು ಹಿಡಿದಿಲ್ಲ ಅವರು. ಹಳೆಯ ಕೊಳಲಿನವನು ಊರು ಬಿಟ್ಟನೆಂದು ಹೋದ ವಾರವಷ್ಟೇ ಸೇರಿಸಿಕೊಂಡ ಹುಡುಗಿ ಇವಳು. ವರ್ಷವಿಡೀ ಕಾದು ಈ ಕುರ್ಚಿ ಸಂಪಾದಿಸಿದ್ದಳು. ಸಿಂಫನಿಯ ಗದ್ದಲದಲ್ಲಿ ಬಣ್ಣ ಬಯಲಾಗಿರಲಿಲ್ಲ, ಅಷ್ಟೇ.

"ಒಬ್ಳೇ ಊದು. ಎಲ್ರೂ ಕೇಳ್ಲಿ."

ಅವಳು ಕಣ್ಣು ಮುಚ್ಚಿದಳು. ಮತ್ತೆ ಅದೇ ನಾಟಕ. ಹಿಂದೆ ಕಸ ಗುಡಿಸುತ್ತಿದ್ದ ಹೆಂಗಸೂ ಪೊರಕೆ ನಿಲ್ಲಿಸಿ ನೋಡುತ್ತಾ ನಿಂತಳು. ಪುಕ್ಕಟೆ ತಮಾಷೆ ಯಾರಿಗೆ ಬೇಡ?

"ಸಾಕು ನಿಲ್ಸಮ್ಮ. ಮೂಕಾಭಿನಯಕ್ಕೆ ಬೇರೆ ಶಾಲೆ ಇದೆ."

"ಹಾಳೇಲಿ ಉಸಿರಿನಷ್ಟು ಮೆಲ್ಲಗೆ ಅಂತ ಇದೆ, ಮೇಷ್ಟ್ರೇ."

"ನನಗೇ ಹಾಳೆ ಓದೋಕೆ ಕಲಿಸ್ತೀಯಾ?"

ಮೆಲ್ಲಗೆ. ಆ ಮಾತು ಕೇಳಿದರೇ ಅವರ ಮೈ ಉರಿಯುತ್ತಿತ್ತು. ಕಳೆದ ಕಛೇರಿಗೆ ಬಂದಿದ್ದ ಹಳೆಯ ಸಹಪಾಠಿ, "ನಿನ್ನ ಮಕ್ಕಳಿಗೆ ಮೆಲ್ಲಗೆ ನುಡಿಸೋದೇ ಬರಲ್ವಲ್ಲೋ" ಎಂದು ಹೋಗಿದ್ದ. ಹೊಟ್ಟೆಕಿಚ್ಚಿನವನು.

"ಕೊಳಲು ಇಲ್ಲಿಡು, ನಡಿ. ನಾಳೆ ಈ ಕಡೆ ತಲೆ ಹಾಕ್ಬೇಡ."

ಹುಡುಗಿ ಕೊಳಲು ಒರೆಸಿದಳು. ಪೆಟ್ಟಿಗೆಯಲ್ಲಿಟ್ಟಳು. ಯಾರ ಮುಖವನ್ನೂ ನೋಡದೆ ಬಾಗಿಲು ದಾಟಿದಳು. ಒಬ್ಬರೂ ತಲೆ ಎತ್ತಲಿಲ್ಲ.

"ಎರಡನೇ ಕೊಳಲು, ಆ ಸಾಲು ನೀನು ಊದಪ್ಪ."

ಹುಡುಗ ಎದೆ ತುಂಬ ಗಾಳಿ ಎಳೆದುಕೊಂಡ. ಸ್ವರ ಎಳೆಬಿಸಿಲಿನ ಹಾಗೆ ನವುರಾಗಿ ಹಬ್ಬಿತು. ಮೇಷ್ಟ್ರ ಸಿಟ್ಟು ಅರ್ಧ ಇಳಿಯಿತು. ಊದಿ ಮುಗಿಸುವಷ್ಟರಲ್ಲಿ ಹುಡುಗನ ಮುಖ ಕೆಂಪಾಗಿತ್ತು, ಕತ್ತಿನ ನರ ಉಬ್ಬಿತ್ತು. ಗಾಯಕಿ ಕಿವಿಯಿಂದ ಕೈ ತೆಗೆದಳು.

"ನೋಡಿದ್ರಾ? ಉಸಿರಿನಷ್ಟು ಮೆಲ್ಲಗೆ ಅಂದ್ರೆ ಇದು."

ಮೊದಲ ಪಿಟೀಲಿನ ಹುಡುಗಿ ಕಮಾನು ಕೆಳಗಿಟ್ಟು ಎದ್ದಳು. ಅವರ ಹತ್ತಿರ, ತೀರಾ ಹತ್ತಿರ ಬಂದು ನಿಂತಳು. ಕಣ್ಣು ಕೆಂಡವಾಗಿತ್ತು.

"ಎರಡು ವರ್ಷದಿಂದ ನಾವೆಲ್ಲ ನಿಮಗೆ ಕೇಳಿಸ್ಲಿ ಅಂತ ಜೋರಾಗೇ ನುಡಿಸ್ತಿದೀವಿ, ಮೇಷ್ಟ್ರೇ. ಅವಳಿಗೊಬ್ಬಳಿಗೆ ಹೇಳೋದು ಮರೆತ್ವಿ."