ಬಾಯಿಗೆ ಬಾರದ ಹೆಸರು

"ಸಾಕಮ್ಮ ಅಂತ ಮೂರು ಸಲ ಅನ್ನು, ಮುಗೀತು," ಎಂದಳು ಸರಸಮ್ಮ. ಸೋದರತ್ತೆಯ ಶಾಸ್ತ್ರಕ್ಕೆಂದು ಮರಳವಾಡಿಯಿಂದ ಬಂದಿದ್ದ ಮಗಳು ಕುಸುಮ, ಮಗುವಿನ ಕಿವಿಯ ಹತ್ತಿರ ಬಾಯಿ ತಂದವಳು ಹಾಗೇ ನಿಂತಳು. "ಯಾಕಮ್ಮಿ ಮುಖ ನೋಡ್ತೀಯ? ಮೂರೂ ಹೆಣ್ಣೇ ಆದ್ವಲ್ಲ. ಸಾಕು ಅಂತ ಹೆಸ್ರಿಕ್ಕಿದ್ರೆ ಮುಂದ್ಲುದಾದ್ರೂ ಗಂಡಾಯ್ತದೆ. ಬೇಗ ಅನ್ನು, ಊಟಕ್ಕೆ ಜನ ಕುಂತವ್ರೆ."

ತೊಟ್ಟಿಲ ಪಕ್ಕ ಗೋಡೆಗೆ ಒರಗಿದ್ದ ಸೊಸೆ ಅನುಷಾಗೆ ಜಗಳ ಆಡುವಷ್ಟು ತ್ರಾಣ ಇರಲಿಲ್ಲ. ತವರಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನವೂ ಈ ಮನೆಯಲ್ಲೇ ಆಗಿತ್ತು. ಆಯಿತು ಎಂದರೆ ಆಯಿತು, ಅಷ್ಟೆ. ಮೊದಲಿನ ಇಬ್ಬರಿಗೆ ಫೋನಿನಲ್ಲಿ ಹುಡುಕಿ ಹುಡುಕಿ ಋತ್ವಿಕಾ, ಜನ್ವಿತಾ ಎಂದು ಚೆಂದದ ಹೆಸರಿಟ್ಟಿದ್ದಳು. ಏನು ಬಂತು ಭಾಗ್ಯ? ಅತ್ತೆಯ ಬಾಯಲ್ಲಿ ದೊಡ್ಡವಳು ಪೀಡೆ, ಚಿಕ್ಕವಳು ಸನಿ. ಬೆಳಗಾದರೆ 'ಎದ್ದೇಳೇ ಪೀಡೆ', ಉಣ್ಣಲು ಕೂತರೆ 'ಎಷ್ಟು ತಿಂತೀಯೇ ಸನಿ'. ಮೊನ್ನೆ ಅಂಗನವಾಡಿ ಟೀಚರು ಹೊಸಬರು, ನಿನ್ನ ಹೆಸರೇನು ಪುಟ್ಟಿ ಎಂದು ದೊಡ್ಡವಳನ್ನು ಕೇಳಿದರೆ, ಕೂಸು ನಗುನಗುತ್ತಾ 'ಪೀಡೆ' ಎಂದಿತಂತೆ. ಆ ದಿನ ಅನುಷಾ ಅತ್ತಿದ್ದೇ ಅತ್ತಿದ್ದು. ಈ ಮೂರನೆಯದಕ್ಕೆ ಹಾಗಾಗಬಾರದು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

"ಸಾಕಮ್ಮ ಬ್ಯಾಡಕ್ಕ," ಎಂದಳು. "ಹೊನ್ನಿ ಅನ್ನು."

ಹೊನ್ನಿ ಎಂದರೆ ಸರಸಮ್ಮನ ಸ್ವಂತ ಅತ್ತೆಯ ಹೆಸರು. ಮುದುಕಿ ತೀರಿಕೊಂಡು ವರ್ಷಗಳೇ ಆಗಿದ್ದವು. ಕುರಿದೊಡ್ಡಿಯಿಂದ ಬಂದ ಮುದುಕಿಯ ಗಂಡ 'ಹೊನ್ನೀ' ಎಂದು ಕೂಗಿದರೆ ಅವಳು ಎದ್ದು ಬರುತ್ತಿದ್ದಳಂತೆ, ಬೇರೆ ಯಾರೂ ಆ ಹೆಸರು ಎತ್ತಿದವರಲ್ಲ. ಸೊಸೆಯಂತೂ ಎತ್ತುವ ಹಾಗೇ ಇಲ್ಲ. ಸಂತೆಯಲ್ಲಿ ಹೊನಗೊನ್ನೆ ಸೊಪ್ಪು ಬೇಕಾದರೂ ಸರಸಮ್ಮ ಬೆರಳು ತೋರಿಸಿ 'ಅದು ಕೊಡಪ್ಪ' ಎನ್ನುತ್ತಿದ್ದಳೇ ಹೊರತು ಹೆಸರು ಹಿಡಿದು ಕೇಳಿದವಳಲ್ಲ. ಸಾಲದ್ದಕ್ಕೆ, ಹಿರೀಕರ ಹೆಸರಿಟ್ಟ ಮಗುವನ್ನು ಬೈಯಬಾರದು, ಹೊಡೆಯಬಾರದು. ಬೈದರೆ ಸತ್ತವರಿಗೆ ಹೋಗಿ ಮುಟ್ಟುತ್ತದೆ ಎಂಬ ಮಾತು ಬೇರೆ.

"ಅದೇನು ಹಳೇ ಕಾಲದ ಹೆಸ್ರು, ಈಗ್ಯಾರು ಇಕ್ತಾರೆ?" ಎಂದಳು ಸರಸಮ್ಮ, ಗಳಿಗೆ ಮುಂಚೆ ಸಾಕಮ್ಮ ಎಂದಿದ್ದವಳು.

ಅಷ್ಟರಲ್ಲಿ ಮಾವ ಬೀರಲಿಂಗಯ್ಯ ಬಾಗಿಲಿಗೆ ಬಂದು ನಿಂತಿದ್ದ. ಟವೆಲಿನಲ್ಲಿ ಕಣ್ಣೊರೆಸಿಕೊಂಡ. "ನಮ್ಮವ್ವನ ಹೆಸ್ರು! ನನ್ನ ಹೊಟ್ಟೇಲಿ ಹುಟ್ಟಿದವ್ಕೇ ಹೊಳೀಲಿಲ್ಲ, ನಿಂಗೆ ಹೊಳೀತಲ್ಲವ್ವ. ಕುಸುಮ, ಬಾಯ್ಬುಟ್ಟು ಕೂಗಮ್ಮಿ." ಇನ್ನು ಯಾರು ಏನು ಹೇಳಿಯಾರು? ಕುಸುಮ ಕೂಗಿದಳು. ಹೆಸರು ನಿಂತಿತು.

ಸಂಜೆ ಪಾತ್ರೆ ತಿಕ್ಕುವಾಗ ಕುಸುಮ ಕೇಳಿದಳು. "ನಮ್ಮಜ್ಜೀನ ನೀನು ಕಂಡೋಳೇ ಅಲ್ಲ. ಅದೇನು ಪಿರೂತಿ ಹಂಗೆ ಉಕ್ಕಿಬುಡ್ತು?"

"ಪಿರೂತಿ ಎಂಥದು ಬುಡಕ್ಕ. ಅತ್ತೆ ಬಾಯಿ ಕಟ್ಬೇಕಿತ್ತು, ಕಟ್ದೆ. ಇದೊಂದಾದ್ರೂ ಬೈಸ್ಕಳ್ದೆ ಬೆಳೀಲಿ."

"ಅಯ್ಯೋ ಘಾಟಿ!" ಎಂದು ಕುಸುಮ ನಕ್ಕಳು.

ಕಟ್ಟಿದ್ದು ನಿಜವೇ. ಮಗುವಿನ ವಿಷಯ ಬಂದರೆ ಸರಸಮ್ಮನ ನಾಲಿಗೆ ತಡವರಿಸುತ್ತಿತ್ತು. ಹೆಸರು ಹಿಡಿದು ಕರೆಯುವಂತಿಲ್ಲ, ಏಕವಚನ ಹಚ್ಚುವಂತಿಲ್ಲ, ಪೀಡೆ ಎನ್ನುವ ಮಾತು ದೂರವೇ ಉಳಿಯಿತು. "ಅನುಸಾ, ಅವ್ರು ಎದ್ದವ್ರೆ ನೋಡು," ಎನ್ನುತ್ತಿದ್ದಳು. ಒಂದು ದಿನ "ಅವ್ರು ಉಚ್ಚೆ ಹುಯ್ಕಂಡವ್ರೆ ಕಣಮ್ಮಿ," ಎಂದಾಗ ಅನುಷಾ ದಿಂಬಿಗೆ ಮುಖ ಒತ್ತಿ ನಕ್ಕಳು. ಸೊಂಟದ ನೋವು ಹಾಗೇ ಇತ್ತು, ನಿದ್ದೆ ಎನ್ನುವುದು ಮರೆತೇ ಹೋಗಿತ್ತು. ಆದರೂ ಮದುವೆಯಾಗಿ ಬಂದ ಮೇಲೆ ಮೊದಲ ಸಲ ಈ ಮನೆಯಲ್ಲಿ ಗೆದ್ದೆ ಅನಿಸಿತ್ತು.

ಒಂದು ಮಧ್ಯಾಹ್ನ ಸರಸಮ್ಮ ಕುರಿದೊಡ್ಡಿ ಗುಡಿಸಿ ಬಂದು ಜಗಲಿಯ ಮೇಲೆ ಉರುಳಿಕೊಂಡಳು. ಉರುಳಿದ್ದೇ ತಡ, ಗೊರಕೆ. ಅನುಷಾ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ತೊಟ್ಟಿಲಲ್ಲಿ ಮಗು ಕಿಟಾರನೆ ಕಿರುಚಿಕೊಂಡಿತು. ಕೋಲು ಬಿಟ್ಟು ಏಳುವಂತಿರಲಿಲ್ಲ, ಬಿಟ್ಟರೆ ಹಿಟ್ಟು ಗಂಟಾಗುತ್ತದೆ. ಸುಸ್ತಿಗೆ ಸಿಟ್ಟು ಸೇರಿ ಅಲ್ಲಿಂದಲೇ ಕೂಗಿದಳು, "ಏ ಹೊನ್ನೀ! ಬಂದೆ ಇರೇ ಹೊನ್ನೀ!" ಅಷ್ಟು ಜೋರಾಗಿ ಅವಳು ಆ ಹೆಸರು ಕೂಗಿದ್ದು ಅದೇ ಮೊದಲು.

ಜಗಲಿಯ ಕಡೆ ದಡಬಡ ಸದ್ದಾಯಿತು. ತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಸರಸಮ್ಮ. ಕಣ್ಣಿನಲ್ಲಿ ಇನ್ನೂ ನಿದ್ದೆಯೇ ಇತ್ತು. ಒಂದು ಕೈಯಲ್ಲಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಇನ್ನೊಂದು ಕೈಯನ್ನು ಕೆನ್ನೆಗೆ ಅಡ್ಡ ಹಿಡಿದು, ಗೋಡೆಗೆ ಒತ್ತಿಕೊಂಡು ನಿಂತಿದ್ದಳು.

"ಮಲಗಿರ್ಲಿಲ್ಲ ಕಣತ್ತೆ," ಎಂದಳು ಸೊಸೆಗೆ. "ದೇವ್ರಾಣೆಗೂ ಮಲಗಿರ್ಲಿಲ್ಲ. ಒಸಿ ಒರಗಿದ್ದೆ, ಅಷ್ಟೆ."