ರಾಕ್ಷಸನ ರಿಮೋಟ್

"ಹುಡುಗ ಹುಡುಗಿ ಸ್ವಲ್ಪ ಮಾತಾಡಿಕೊಳ್ಳಲಿ" ಎಂದು ಹಿರಿಯರೆಲ್ಲ ವೆರಾಂಡಾಕ್ಕೆ ಎದ್ದುಹೋದರು. ಹುಬ್ಬಳ್ಳಿಯಿಂದ ನಾಗಪುರಕ್ಕೆ ಮೃದುಲಾಳನ್ನು ನೋಡಲು ಬಂದಿದ್ದ ಮಧ್ವೇಶನ ಕಣ್ಣು ಮಾತ್ರ ಟಿವಿಯ ಕೆಳಗಿದ್ದ ವಿಡಿಯೊ ಗೇಮಿನ ಮೇಲಿತ್ತು.

"ಅರೆ, ಜಪಾನದ ಮುಖವಾಡದ ಹೀರೋಗಳ ಆಟ! ಟಿವಿಯೊಳಗ ಸೀರಿಯಲ್ ಬರ್ತಿತ್ತಲ್ಲ, ಅದರದು. ಯಾರದಿದು, ನಿಮ್ಮ ತಮ್ಮಂದೇನು?"

"ನಂದು. ಮೊದಲನೇ ಪಗಾರದಾಗ ಸೀತಾಬರ್ಡಿ ಬಜಾರದಾಗ ತಗೊಂಡೆ."

ಅವನು ನಕ್ಕುಬಿಟ್ಟ. ಮೃದುಲಾಳ ಪಿತ್ತ ಮೊದಲೇ ನೆತ್ತಿಗೇರಿತ್ತು. ಧರಮಪೇಠದ ಶಾಲೆಯಲ್ಲಿ ಗಣಿತ ಕಲಿಸುವವಳು ಅವಳು. "ಲಗ್ನಾದ ಮ್ಯಾಲೆ ನೌಕರಿ ಬಿಡ್ತಾಳಲ್ಲ?" ಎಂದು ಹುಡುಗನ ತಾಯಿ ಕೇಳಿದ್ದೇ ತಡ, ಅಮ್ಮ ಜಯಾ ಮಗಳ ಮುಖವನ್ನೂ ನೋಡದೆ "ಹ್ಞೂಂ" ಅಂದುಬಿಟ್ಟಿದ್ದಳು. ನಾಗಪುರದಲ್ಲಿ ಕೂತವರಿಗೆ ತಮ್ಮ ಕಡೆಯ ಗಂಡು ಸಿಗುವುದೇ ಅಪರೂಪ, ಇದೊಂದು ಕೈತಪ್ಪಬಾರದು ಎಂದು ಬೆಳಗಿನಿಂದ ಅವಳ ಜಪ ನಡೆದೇ ಇತ್ತು.

"ಹೀರೋ ನಾನು," ಎನ್ನುತ್ತ ಮಧ್ವೇಶ ಒಂದು ರಿಮೋಟ್ ಎತ್ತಿಕೊಂಡು ಇನ್ನೊಂದನ್ನು ಅವಳತ್ತ ತಳ್ಳಿದ. "ನೀವು ರಾಕ್ಷಸ ಆಗ್ರಿ. ಹೆಂಗೂ ಸೋಲವನ ಅವ."

ಆ ಸೀರಿಯಲ್ಲಿನಲ್ಲಿ ಒಂದು ಪದ್ಧತಿಯಿದೆ. ಹೀರೋ ಕೈಕಾಲು ಬೀಸಿ, ಹೆಸರು ಕೂಗಿ, ಭಂಗಿ ಕೊಟ್ಟು ಮುಗಿಸುವ ತನಕ ರಾಕ್ಷಸ ಮರ್ಯಾದೆಯಿಂದ ಕಾದು ನಿಲ್ಲುತ್ತಾನೆ. ಮಧ್ವೇಶ ಗುಂಡಿ ಒತ್ತಿ ಭಂಗಿ ಕೊಡಲು ಶುರುಮಾಡಿದ. ಮೃದುಲಾ ಕಾಯಲಿಲ್ಲ. ರಾಕ್ಷಸನ ಬಾಲ ಬೀಸಿದ ರಭಸಕ್ಕೆ ಹೀರೋ ಗೋಡೆಗೆ ಬಡಿದು ಬಿದ್ದ.

"ಏ, ಪೋಸ್ ಕೊಡೂವಾಗ ಹೊಡೀಬಾರದ್ರಿ!"

"ಯಾಕ್ರಿ?"

ಅವನು ಇನ್ನೊಂದಾಟ ಎಂದ, ಸೋತ. ರಿಮೋಟ್ ಸರಿಯಿಲ್ಲ ಎಂದು ಅವಳದನ್ನು ಕಿತ್ತುಕೊಂಡು ತಾನೇ ರಾಕ್ಷಸನಾಗಿಯೂ ಸೋತ. ಕಿವಿ ಕೆಂಪಾಗಿ ರಿಮೋಟನ್ನು ದಿವಾನಿನ ಮೇಲೆ ಒಗೆದು "ಅಮ್ಮಾ, ಗಾಡಿಗೆ ಹೊತ್ತಾತು" ಎಂದು ಎದ್ದೇಬಿಟ್ಟ. ಮೃದುಲಾಳಿಗೆ ಎದೆ ಹಗುರಾಯಿತು. ಬಾಗಿಲಲ್ಲಿ ಅವನ ತಾಯಿ ಚಪ್ಪಲಿ ಮೆಟ್ಟುತ್ತ, "ಹುಡುಗಿ ಭಾಳ ಜೋರಿದ್ದಾಳ್ರಿ, ನಮ್ಮ ಮನಿಗೆ ಹೊಂದೂದಿಲ್ಲ" ಎಂದು ಹೇಳಿಯೇ ಹೋದರು.

ಆಟೋದ ಸದ್ದು ಓಣಿಯ ತಿರುವು ದಾಟುವಷ್ಟರಲ್ಲಿ ಜಯಾ ಒಳಗೆ ನುಗ್ಗಿ ಬಂದಳು.

"ಒಂದಾಟ ಸೋತಿದ್ರ ಏನು ಗಂಟು ಹೋಗ್ತಿತ್ತು ನಿಂದು?"

"ಯಾಕ ಸೋಲಬೇಕಮ್ಮ? ನನಗ ಆಡ್ಲಿಕ್ಕೆ ಬರ್ತದ."

"ಬಂದ್ರೇನಾತು? ನನಗ ಬರ್ತಿದ್ದಿಲ್ಲೇನು ಸಂಗೀತ? ರೇಡಿಯೊದಾಗ ಹಾಡಾಕಿ ನಾನು! ಈ ಮನಿಯವರು ಬ್ಯಾಡ ಅಂದ್ರು, ಬಿಟ್ಟೆ. ಲಗ್ನ ಆದಾಗಿಂದ ಸೋತಕೋತನ ಬಂದೀನಿ. ನನಗೇನಾಗೇದ?"

ಅಮ್ಮ ಹಾಡಿದ್ದನ್ನು ಮೃದುಲಾ ಒಮ್ಮೆಯೂ ಕೇಳಿರಲಿಲ್ಲ. ಜಯಾಳ ಹಿಂದೆಯೇ ಒಳಗೆ ಬಂದು ಕೂತಿದ್ದ ಅಪ್ಪ ಗಿರಿಧರ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

ಜಯಾ ಆ ಪೇಪರನ್ನು ಕಸಿದುಕೊಂಡಳು.

"ಹೇಳ್ರಲ್ಲ, ನನಗೇನಾಗೇದ?"